ಖಾಲಿ ಬಯಲಿನ ಚಿತ್ರಗಳು ಮತ್ತು ಕೇರಿಯ ಕಣ್ಣು

ದಲಿತ ವಿಮರ್ಶೆಯ ವಿಶೇಷಾಂಕದಲ್ಲಿ ಫೋಟೋದ ಬಗ್ಗೆ, ಅದೂ ಮನುಷ್ಯರೇ ಇಲ್ಲದ ಫೋಟೋಗಳ ಬಗ್ಗೆ ಬರೆಯುವುದು ಯಾಕೆ ಅಂತ ಗೆಳೆಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. 1973ರ ಬೂಸಾ ಪ್ರಕರಣದಿಂದ ಈಚೆಗೆ ಕತೆ, ಕಾವ್ಯ, ಆತ್ಮಕಥನಗಳನ್ನು ಕೇರಿಯ ಕಡೆಯಿಂದ ಓದುವುದು ಹೇಗೆ ಎಂಬ ಬಗ್ಗೆ ಕನ್ನಡದಲ್ಲಿ ದೊಡ್ಡ ವಾಗ್ವಾದವೇ ನಡೆದಿದೆ. ಆದರೆ ಕ್ಯಾಲೆಂಡರು, ಪುಸ್ತಕದ ಮುಖಪುಟ, ಪ್ರವಾಸಿ ಫಲಕ, ಈಗ ಎಲ್ಲರ ಕೈಯಲ್ಲಿರುವ ಫೋನು, ಇವುಗಳಲ್ಲಿ ದಿನಾ ನೋಡುವ ನಿಸರ್ಗಚಿತ್ರವನ್ನು ನಾವು ಓದಿದ್ದು ಕಡಿಮೆ. ಅದು ಬರೀ ಚೆಂದದ ಚಿತ್ರ, ಅದರಲ್ಲೇನು ಜಾತಿ ಅಂತ ಬಿಟ್ಟುಬಿಟ್ಟಿದ್ದೇವೆ.

ನಾನು ಹೇಳುತ್ತಿರುವ ಚಿತ್ರ ಯಾವುದು ಅಂತ ವಿಜಯಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೋಡ ಕವಿದ ಆಕಾಶ. ಕೆಳಗೆ ಬಾರಾ ಕಮಾನಿನ ಅರ್ಧಕ್ಕೇ ನಿಂತ ಕಪ್ಪು ಕಮಾನು. ಇಲ್ಲವೇ ಟಿಕೋಟಾ ರಸ್ತೆಯ ಪಕ್ಕದ ಒಂಟಿ ಬೇವಿನ ಮರ, ಡೋಣಿ ದಂಡೆಯ ಎರಿ ಹೊಲ, ಬೀಗ ಹಾಕಿದ ಬಾಗಿಲು, ನೀರು ಬತ್ತಿದ ಬಾವಿ. ಎಲ್ಲದರಲ್ಲೂ ಒಂದು ಮಂಕು ಬೆಳಕು, ಒಂದು ಮೌನ. ಒಬ್ಬ ಮನುಷ್ಯನೂ ಇರೋದಿಲ್ಲ. ಈ ಪ್ರಕಾರದ ಛಾಯಾಗ್ರಹಣಕ್ಕೆ ಜಗತ್ತಿನಾದ್ಯಂತ ಅಭಿಮಾನಿಗಳಿದ್ದಾರೆ. ನಾನೂ ಅವರಲ್ಲೊಬ್ಬ. ಬಿಸಿಲಿನ ಚಿತ್ರಕ್ಕಿಂತ ಮೋಡದ ಚಿತ್ರವೇ ನನಗೆ ಹೆಚ್ಚು ಇಷ್ಟ. ಹಾಗಾಗಿ ಇದು ವಿರೋಧಿ ಬಣದವನ ಆರೋಪಪಟ್ಟಿಯಲ್ಲ. ಈ ಚಿತ್ರಗಳು ಹೇಗೆ ಆಗುತ್ತವೆ, ಅವುಗಳೊಳಗಿನ 'ಯಾರೂ ಇಲ್ಲ' ಎಂಬುದನ್ನು ಯಾರು, ಯಾವ ಉಪಕರಣದಿಂದ ಮಾಡುತ್ತಾರೆ ಅನ್ನೋದನ್ನು ಒಂದಿಷ್ಟು ಬಿಡಿಸಿ ನೋಡುವುದಷ್ಟೇ ನನ್ನ ಉದ್ದೇಶ.

ಮೊದಲು ಮಾತಿನಿಂದಲೇ ಶುರು ಮಾಡೋಣ. 'ನಿರ್ಜನ' ಅನ್ನೋದು ಸಂಸ್ಕೃತದ ಶಬ್ದ. ನಮ್ಮ ಮಂದಿ ಬಳಸೋದು 'ಹಾಳು', 'ಪಾಳು', 'ಬಣಬಣ' ಇಂಥ ಮಾತುಗಳನ್ನು. 'ಹಾಳೂರಿಗೆ ಉಳಿದವನೇ ಗೌಡ' ಎಂಬ ಗಾದೆ ಗೊತ್ತೇ ಇದೆ. ಗಾದೆಯ ವ್ಯಂಗ್ಯ ಏನೇ ಇರಲಿ, ಅದು ಒಂದು ಸತ್ಯ ಒಪ್ಪಿಕೊಳ್ಳುತ್ತದೆ: ಹಾಳೂರಲ್ಲೂ ಒಬ್ಬ ಉಳಿದಿರುತ್ತಾನೆ. ಇನ್ನು 'ಊರ ಹೊರಗೆ' ಎಂಬ ಮಾತು. ನಿಸರ್ಗದ ಫೋಟೋ ತೆಗೆಯುವವನಿಗೆ ಊರ ಹೊರಗೆ ಅಂದರೆ ಗದ್ದಲವಿಲ್ಲದ, ಯಾರ ಕಣ್ಣಿಗೂ ಬೀಳದ ಒಳ್ಳೆಯ ಜಾಗ. ಆದರೆ ಊರ ಹೊರಗೆ ಎಂಬುದು ನೂರಾರು ವರ್ಷಗಳಿಂದ ನಮ್ಮ ವಿಳಾಸ. ಅವನು ಸ್ಟ್ಯಾಂಡ್ ಊರಿ ನಿಂತ ಜಾಗದ ಬೆನ್ನಿಗೇ ಕೇರಿ ಇರುತ್ತದೆ. ಕ್ಯಾಮೆರಾದ ಮುಖ ಮಾತ್ರ ಆ ಕಡೆ ಇರೋದಿಲ್ಲ.

ಈ ಅಲಕ್ಷಿತ ಜಾಗಗಳನ್ನು ಊರೊಳಗೆ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಕುಳವಾಡಿ. ಗಡಿ ಜಗಳ ಬಂದರೆ ಎಲ್ಲೆ ಕಲ್ಲು ಎಲ್ಲಿದೆ ಅಂತ ಹೇಳುವ ಹಕ್ಕು ಹೊಲೆಯರ ಆ ಮನುಷ್ಯನದು. ಊರೊಳಗೆ ಕಾಲಿಡಬಾರದವನ ಮಾತಿನ ಮೇಲೆ ಊರಿನ ಗಡಿ ನಿಂತಿತ್ತು ಅನ್ನೋದು ನಮ್ಮ ಸಮಾಜದ ವಿಚಿತ್ರ. ಫೋಟೋದಲ್ಲಿ ಖಾಲಿ ಬಯಲಾಗಿ ಕಾಣುವ ನೆಲ ಎಷ್ಟೋ ಸಲ ಹಳೇ ಚಾಕರಿ ಇನಾಮಿನ ಜಮೀನು, ಇಲ್ಲವೇ ಹೆಣ ಹೂಳಲಿಕ್ಕೆ ಕೇರಿಯವರು ಅರ್ಜಿ ಕೊಟ್ಟು ಕಾಯುತ್ತಿರುವ ಜಾಗ, ಇಲ್ಲವೇ 1978ರ ಪಿಟಿಸಿಎಲ್ ಕಾಯ್ದೆಯಡಿ ವಾಪಸ್ಸು ಕೊಡಿಸಿ ಅಂತ ಮೊಕದ್ದಮೆ ನಡೆದಿರುವ ಮಂಜೂರಿ ಭೂಮಿ. ಆ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ತರಲಿಕ್ಕೆ ಎಷ್ಟು ಧರಣಿ ಕೂರಬೇಕಾಯಿತು ಅನ್ನೋದು ಚಳವಳಿಯವರಿಗೆ ಗೊತ್ತಿದೆ. ಕಾಗದದಲ್ಲಿ ಇಷ್ಟು ಗದ್ದಲವಿರುವ ನೆಲ ಚಿತ್ರದಲ್ಲಿ ಮೌನವಾಗಿರುತ್ತದೆ.

ವಿಜಯಪುರ ಹೀಗೆ ಮೌನವಾದದ್ದಕ್ಕೆ ಒಂದು ಇತಿಹಾಸವಿದೆ. 1866ರಲ್ಲಿ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಅಟ್ ಬೀಜಾಪೂರ್' ಎಂಬ ದೊಡ್ಡ ಗ್ರಂಥ ಅಚ್ಚಾಯಿತು. ಮೆಡೋಸ್ ಟೇಲರ್ ಇತಿಹಾಸ ಬರೆದ, ಜೇಮ್ಸ್ ಫರ್ಗ್ಯುಸನ್ ವಾಸ್ತುಶಿಲ್ಪದ ಟಿಪ್ಪಣಿ ಬರೆದ. ಸ್ಥಳದಲ್ಲಿ ಫೋಟೋ ತೆಗೆದವರು ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್. ಕಟ್ಟಡಗಳ ನಕ್ಷೆ ಬಿಡಿಸಿದವರಲ್ಲಿ ಇಬ್ಬರು ಬಿಳಿಯರ ಹೆಸರು ಮುಖಪುಟದಲ್ಲೇ ಇದೆ. ಅವರ ಜೊತೆ ಕೆಲಸ ಮಾಡಿದ ಇಲ್ಲಿಯವರು ಮಾತ್ರ 'ದೇಶೀ ನಕ್ಷೆಗಾರರು' ಅಂತ ಒಂದು ಗುಂಪಾಗಿ ಬರುತ್ತಾರೆ. ಹೆಸರಿಲ್ಲ.

ಆಗಿನ ಕ್ಯಾಮೆರಾ ಕೆಲಸ ಎಂಥದ್ದು ಅನ್ನೋದನ್ನೂ ತಿಳಿಯಬೇಕು. ಗಾಜಿನ ಫಲಕಕ್ಕೆ ಅಲ್ಲೇ ರಾಸಾಯನಿಕ ಬಳಿದು, ಹಸಿ ಇರುವಾಗಲೇ ಚಿತ್ರ ತೆಗೆದು, ಅಲ್ಲೇ ಕತ್ತಲೆ ಡೇರೆಯಲ್ಲಿ ತೊಳೆಯಬೇಕು. ಗಾಜು, ಬಾಟಲಿ, ಡೇರೆ, ಕೊಡಗಟ್ಟಲೆ ನೀರು, ಇಷ್ಟನ್ನು ಸಾಹೇಬ ಹೊರುತ್ತಿರಲಿಲ್ಲ. ಪ್ರತಿ ಖಾಲಿ ಚಿತ್ರದ ಹಿಂದೆ ಹೊರೆಯಾಳುಗಳ ಒಂದು ಸಾಲೇ ನಿಂತಿರುತ್ತಿತ್ತು. ಆ ಕಾಲದ ವಾಸ್ತುಚಿತ್ರಗಳಲ್ಲಿ ಯಾರಾದರೂ ಇಲ್ಲಿಯವನು ಕಂಡರೆ ಅವನು ಹೆಚ್ಚಾಗಿ ಅಳತೆಗೋಲು. ಕಮಾನು ಎಷ್ಟು ಎತ್ತರ ಅಂತ ತೋರಿಸಲಿಕ್ಕೆ ನಿಲ್ಲಿಸಿದವನು.

ಇದರ ಪಕ್ಕಕ್ಕೆ ಇನ್ನೊಂದು ಗ್ರಂಥ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದಿ ಪೀಪಲ್ ಆಫ್ ಇಂಡಿಯಾ'. ಜಾತಿ, ಬುಡಕಟ್ಟುಗಳ ನಾಲ್ಕುನೂರಕ್ಕೂ ಹೆಚ್ಚು ಫೋಟೋಗಳು. ಅಲ್ಲಿ ಮನುಷ್ಯರಿದ್ದಾರೆ, ಆದರೆ ಎಷ್ಟೋ ಚಿತ್ರಗಳಲ್ಲಿ ಅವರ ಹಿಂದೆ ಊರಿಲ್ಲ, ಹೊಲವಿಲ್ಲ. ಬರೀ ಒಂದು ಬಟ್ಟೆ ಇಲ್ಲವೇ ಗೋಡೆ. ಒಂದೇ ಪ್ರಭುತ್ವ, ಒಂದೇ ದಶಕ, ಒಂದೇ ಉಪಕರಣ. ಒಂದು ಪುಸ್ತಕದಲ್ಲಿ ಜನರನ್ನು ತೆಗೆದ ನೆಲ, ಇನ್ನೊಂದರಲ್ಲಿ ನೆಲವನ್ನು ತೆಗೆದ ಜನ. ಈ ಎರಡನ್ನೂ ಜೋಡಿಸಿ ನೋಡುವ ಕೆಲಸವನ್ನೇ ನಾನು ಇಲ್ಲಿ ದಲಿತ ವಿಮರ್ಶೆ ಅಂತ ಕರೆಯುತ್ತಿರೋದು. 1876–78ರ ಬರದಲ್ಲಿ ಆಗಿನ ಕಲಾದಗಿ ಜಿಲ್ಲೆ, ಅಂದರೆ ನಮ್ಮದೇ ಸೀಮೆ, ಹೆಣದ ರಾಶಿಯಾಯಿತು. ಆ ಬರದ ಪ್ರಸಿದ್ಧ ಫೋಟೋಗಳು ಮದ್ರಾಸ್ ಕಡೆ ಹೂಪರ್ ಎಂಬ ಸೈನ್ಯಾಧಿಕಾರಿ ತೆಗೆದವು. ಅವುಗಳಲ್ಲಿ ಎಲುಬಿನ ಗೂಡಾದ ಮನುಷ್ಯರನ್ನು ಸಾಲಾಗಿ ಜೋಡಿಸಿ ಕೂರಿಸಲಾಗಿದೆ. ಬಿಜಾಪುರದ ಗುಮ್ಮಟಗಳು ಮಾತ್ರ ನಿರ್ಜನ ಸೌಂದರ್ಯವಾಗಿಯೇ ಉಳಿದವು. ಹಾಗಂತ ಊರು ಯಾವಾಗಲೂ ಖಾಲಿ ಇತ್ತೇ? 1885ರಲ್ಲಿ ಕಲಾದಗಿಯಿಂದ ಜಿಲ್ಲಾ ಕಚೇರಿ ಇಲ್ಲಿಗೆ ಬಂತು. 1892ರಲ್ಲಿ ಗೋಳಗುಮ್ಮಟದ ನಗಾರಖಾನೆಯಲ್ಲಿ ಮ್ಯೂಸಿಯಮ್ಮು ಶುರುವಾಯಿತು. ಕಚೇರಿ ಅಂದ ಮೇಲೆ ಸಿಪಾಯಿ, ಝಾಡಮಾಲಿ, ನೀರು ಹೊರುವವರು ಇರಲೇಬೇಕು.

ಫೋಟೋ ಮನುಷ್ಯರನ್ನು ಅಳಿಸುವ ಕಲೆ ಕಲಿತದ್ದು ಇನ್ನೂ ಹಿಂದೆ, ಹುಟ್ಟಿದ ದಿನದಿಂದಲೇ. 1838ರಲ್ಲಿ ಡಾಗೆರ್ ಎಂಬಾತ ಪ್ಯಾರಿಸ್ಸಿನ ಒಂದು ಗಿಜಿಗುಡುವ ಬೀದಿಯ ಚಿತ್ರ ತೆಗೆದ. ಬೆಳಕು ಹಿಡಿಯಲಿಕ್ಕೆ ಹಲವು ನಿಮಿಷ ಬೇಕಾಗಿದ್ದರಿಂದ ಓಡಾಡುವ ಕುದುರೆಗಾಡಿ, ಜನ ಯಾರೂ ದಾಖಲಾಗಲಿಲ್ಲ. ಬೀದಿ ಬಣಬಣ. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ನಿಂತಿದ್ದಾನೆ, ಒಂದು ಕಾಲು ಎತ್ತಿ ಇಟ್ಟಿದ್ದಾನೆ. ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಿದ್ದ, ಅದಕ್ಕೇ ಅಲುಗಾಡದೆ ನಿಂತಿದ್ದ. ಫೋಟೋದಲ್ಲಿ ಸಿಕ್ಕ ಮೊದಲ ಮನುಷ್ಯ ಇವನೇ ಅಂತ ಪಠ್ಯಪುಸ್ತಕಗಳು ಹೇಳುತ್ತವೆ. ಅವನ ಕಾಲ ಬುಡದಲ್ಲಿ ಇನ್ನೊಬ್ಬನಿದ್ದಾನೆ. ಕೈ ಆಡಿಸುತ್ತಿದ್ದರಿಂದ ಅವನು ಮಸುಕು ಮಸುಕು. ದುಡಿಯುವ ಕೈ ಅಲುಗಾಡುತ್ತದೆ, ಅಲುಗಾಡಿದ್ದು ಚಿತ್ರದಲ್ಲಿ ನಿಲ್ಲುವುದಿಲ್ಲ. ಪ್ಯಾರಿಸ್ಸಿನ ಆ ಬೂಟು ಒರೆಸುವವನಿಗೂ ನಮ್ಮ ಚಮ್ಮಾರಿಕೆಯ ಮಂದಿಗೂ ಜಾತಿಯ ಸಂಬಂಧವೇನೂ ಇಲ್ಲ ಅನ್ನೋದು ನನಗೂ ಗೊತ್ತು. ಆದರೆ ಈ ಚಿತ್ರವನ್ನು ನಮ್ಮ ಹುಡುಗರಿಗೆ ತೋರಿಸಿದಾಗ ಅವರು ಮೊದಲು ಕೇಳೋದು ಕೂತವನ ಬಗ್ಗೆ, ನಿಂತವನ ಬಗ್ಗೆ ಅಲ್ಲ.

ಇವತ್ತಿನ ನಿಸರ್ಗ ಛಾಯಾಗ್ರಾಹಕ ಇದೇ ತಂತ್ರವನ್ನು ಬೇಕಂತಲೇ ಬಳಸುತ್ತಾನೆ. ಲೆನ್ಸಿನ ಮುಂದೆ ಕಪ್ಪು ಗಾಜು ಹಾಕಿ ಒಂದೆರಡು ನಿಮಿಷ ಶಟರ್ ತೆರೆದಿಟ್ಟರೆ ಮೋಡ ರೇಷ್ಮೆಯಾಗುತ್ತದೆ, ಕೆರೆ ನೀರು ಕನ್ನಡಿಯಾಗುತ್ತದೆ, ದಾರಿಯಲ್ಲಿ ಹೋದವರು ಮಾಯವಾಗುತ್ತಾರೆ. ಈಗ ಅಷ್ಟು ಕಷ್ಟವೂ ಬೇಡ. 2021ರಿಂದ ಈಚೆಗೆ ಫೋನಿನಲ್ಲೇ ಬೆರಳಿನಿಂದ ಒರೆಸಿದರೆ ಮನುಷ್ಯ ಹೋಗಿ ಅವನಿದ್ದ ಜಾಗದಲ್ಲಿ ಗೋಡೆ ತಾನೇ ಬೆಳೆದುಕೊಳ್ಳುತ್ತದೆ. ಕಂಪನಿಯವರು ಇದನ್ನು ಜಾಹೀರಾತಿನಲ್ಲಿ ಹೆಮ್ಮೆಯಿಂದ ತೋರಿಸುತ್ತಾರೆ.

ಇನ್ನು ಮೋಡದ ಬೆಳಕಿನ ಲೆಕ್ಕ. ವಿದ್ಯಾರ್ಥಿಗಳಿಗೆ ಇದು ಗೊತ್ತಿರಬೇಕು, ಯಾಕಂದರೆ ಇಲ್ಲಿ ಸೌಂದರ್ಯಮೀಮಾಂಸೆ ಮತ್ತು ಯಂತ್ರ ಎರಡೂ ಕೂಡುತ್ತವೆ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಆಸುಪಾಸು ಮಳೆ; ಅದರಲ್ಲಿ ಸೆಪ್ಟೆಂಬರಿನದೇ ದೊಡ್ಡ ಪಾಲು. ಜೂನ್-ಜುಲೈನಲ್ಲಿ ಮೋಡ ಬರ್ತಾವೆ, ಹೋಗ್ತಾವೆ; ಹನಿ ಬೀಳೋದಿಲ್ಲ. ಈ ಮಳೆ ಕೊಡದ ಮೋಡ ಛಾಯಾಗ್ರಾಹಕನಿಗೆ ವರ. ಬಿಸಿಲು ಒಂದೇ ದಿಕ್ಕಿನಿಂದ ಬಂದು ಗಡುಸು ನೆರಳು ಬೀಳಿಸಿದರೆ, ಮೋಡ ಇಡೀ ಆಕಾಶವನ್ನೇ ಒಂದು ದೀಪ ಮಾಡುತ್ತದೆ. ನೆರಳು ಮೆತ್ತಗಾಗುತ್ತದೆ, ಕಲ್ಲಿನ ಬಿರುಕು, ಗೋಡೆಯ ಸವೆತ ಎಲ್ಲ ಕಾಣುತ್ತದೆ.

ತೊಂದರೆ ಇರೋದು ಕ್ಯಾಮೆರಾದ ಅಳತೆಯಲ್ಲಿ. ಬೆಳಕು ಅಳೆಯುವ ಮೀಟರು ಜಗತ್ತೆಲ್ಲ ನಡುಮಟ್ಟದ ಬೂದು ಬಣ್ಣ ಅಂತ ತಿಳಿದಿರುತ್ತದೆ. ಡೋಣಿ ಸೀಮೆಯ ಎರಿ ಭೂಮಿಯನ್ನಷ್ಟೇ ಚೌಕಟ್ಟಿನಲ್ಲಿ ತುಂಬಿಸಿ ಒತ್ತಿದರೆ ಕಪ್ಪು ಮಣ್ಣು ಬೂದಿಯಾಗಿ ಬರುತ್ತದೆ. ಮಣ್ಣು ಕಪ್ಪಾಗಿಯೇ ಬರಬೇಕಾದರೆ ಒಂದು ಸ್ಟಾಪ್ ಇಳಿಸಬೇಕು. ಅದೇ ಬಿಳಿ ಮೋಡವೇ ಹೆಚ್ಚಿದ್ದರೆ ಉಲ್ಟಾ: ಮೀಟರು ಆಕಾಶಕ್ಕೆ ಹೆದರಿ ಎಲ್ಲವನ್ನೂ ಕತ್ತಲು ಮಾಡುತ್ತದೆ. ಆ ಬಿಳಿ ಆಕಾಶದ ಮುಂದೆ ಬಿಸಿಲಲ್ಲಿ ದುಡಿದ ಕರಿ ಮೈಯ ಹೆಣ್ಣುಮಗಳೊಬ್ಬಳು ಹುಲ್ಲಿನ ಹೊರೆ ಹೊತ್ತು ನಿಂತರೆ ಆಕೆಗೆ ಕಣ್ಣು, ಮೂಗು, ಬಾಯಿ ಏನೂ ಇರೋದಿಲ್ಲ. ಕಪ್ಪು ಕತ್ತರಿ ಚಿತ್ರ. ಇದನ್ನು ಸ್ಪರ್ಧೆಗಳಲ್ಲಿ 'ಭಾವಪೂರ್ಣ ಛಾಯೆ' ಅಂತ ಹೊಗಳುತ್ತಾರೆ. ಅದು ಭಾವವಲ್ಲ, ಸರಿಪಡಿಸದ ಮೀಟರು. ಉಪಾಯ ಸರಳ: ಎದುರಿನವರನ್ನು ಒಂದು ಮಾತು ಕೇಳಿ, ಅದೇ ಬೆಳಕಿನಲ್ಲಿ ನಿಮ್ಮ ಅಂಗೈ ಹಿಡಿದು ಅಳೆದು, ಅದಕ್ಕೆ ಒಂದು ಸ್ಟಾಪ್ ಏರಿಸಿ ತೆಗೆಯಿರಿ. ಮುಖದ ಬಣ್ಣ ಯಾವುದೇ ಇರಲಿ, ಅಂಗೈ ಎಲ್ಲರದೂ ಹೆಚ್ಚುಕಡಿಮೆ ಒಂದೇ ಬೆಳಕು ಕೊಡುತ್ತದೆ. ಆಕಾಶ ಸ್ವಲ್ಪ ಸುಟ್ಟು ಬಿಳಿಯಾದರೆ ಆಗಲಿ.

ಬಣ್ಣದ ಫಿಲ್ಮಿನಲ್ಲಿ ಈ ಪಕ್ಷಪಾತ ಕಾರ್ಖಾನೆಯಲ್ಲೇ ಇತ್ತು. 1950ರ ದಶಕದಿಂದ ಕೊಡ್ಯಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ ಮಾದರಿ ಕಾರ್ಡಿನಲ್ಲಿ ಇದ್ದದ್ದು ಬಿಳಿ ಹೆಣ್ಣಿನ ಮುಖ. 'ಶರ್ಲಿ ಕಾರ್ಡ್' ಅಂತಲೇ ಅದಕ್ಕೆ ಹೆಸರು. ಆಕೆಯ ಚರ್ಮ ಸರಿಯಾಗಿ ಬಂದರೆ ಲೋಕವೆಲ್ಲ ಸರಿ. ಕಂದು ಬಣ್ಣಗಳನ್ನು ಸರಿಯಾಗಿ ಹಿಡಿಯುವಂತೆ ಫಿಲ್ಮು ಸುಧಾರಿಸಿದ್ದರಲ್ಲಿ ಕರಿಯರ ದೂರಿಗಿಂತ ಚಾಕಲೇಟು ಮತ್ತು ಮರದ ಸಾಮಾನು ಮಾರುವ ಕಂಪನಿಗಳ ದೂರಿಗೆ ಹೆಚ್ಚು ಬೆಲೆ ಇತ್ತು ಅನ್ನೋದು ಈಗ ಬಲ್ಲವರೆಲ್ಲ ಒಪ್ಪುವ ಮಾತು. ನಮ್ಮ ಮದುವೆ ಆಲ್ಬಮ್ಮುಗಳಲ್ಲಿ ಅವ್ವ-ಅಪ್ಪಂದಿರ ಮುಖ ಯಾಕೆ ಇದ್ದಿಲಿನಂತೆ ಬಂದವು ಅನ್ನೋದಕ್ಕೆ ಅವರ ಬಣ್ಣವಷ್ಟೇ ಕಾರಣವಲ್ಲ.

ಹವೆಯ ಮೂಡ್ ಅಂತಾರೆ. ಯಾರ ಮೂಡ್ ಅನ್ನೋದನ್ನೂ ಕೇಳಬೇಕು. ಟಿಕೋಟಾ, ಬಬಲೇಶ್ವರದ ಕಡೆ (ಈಗ ಎರಡೂ ತಾಲೂಕುಗಳು) ಫೆಬ್ರುವರಿಯಿಂದ ಏಪ್ರಿಲ್ ತನಕ ದ್ರಾಕ್ಷಿ ಒಣಗಿಸುವ ಕಾಲ. ಸೋಡಾ-ಎಣ್ಣೆಯ ನೀರಿನಲ್ಲಿ ಅದ್ದಿದ ಹಣ್ಣನ್ನು ಶೆಡ್ಡಿನ ಜಾಲರಿಗಳ ಮೇಲೆ ಹರವಿ ಹತ್ತು-ಹದಿನೈದು ದಿನ ನೆರಳಲ್ಲಿ ಒಣಗಿಸುತ್ತಾರೆ. ಆ ಹೊತ್ತಿನಲ್ಲಿ ಮೋಡ ಕವಿದು ತೇವ ಹೆಚ್ಚಿದರೆ ಹಣ್ಣು ಕಪ್ಪಾಗುತ್ತದೆ, ಬೂಸಲು ಹಿಡಿಯುತ್ತದೆ. ಬೆಳೆಗಾರನಿಗೆ ನಷ್ಟ, ಬಿಡಿಸುವ, ಆರಿಸುವ ಕೂಲಿ ಹೆಂಗಸರಿಗೆ ಕೆಲಸವೇ ಇಲ್ಲ. ಆ ಮಂಕು ದಿನಗಳಲ್ಲೇ ಕ್ಯಾಮೆರಾ ಹಿಡಿದವರು ಆ ರಸ್ತೆಗೆ ಬರೋದು. ಜಾಲರಿಗಳ ಉದ್ದ ಸಾಲು, ಮೇಲೆ ಸೀಸದ ಬಣ್ಣದ ಆಕಾಶ, ಶೆಡ್ಡಿನಲ್ಲಿ ಯಾರೂ ಇಲ್ಲ. ಯಾರೂ ಇಲ್ಲದಿರುವುದಕ್ಕೆ ಕಾರಣ ಆ ಮೋಡವೇ. ಒಬ್ಬ ಮುದುಕಿ ನನಗೆ ಅಂದಳು: "ನಿಮಗ ಮೋಡ ಆದ್ರ ಚಲೋ, ನಮಗ ಪಗಾರ ಇಲ್ಲ."

ಬೀಗ ಹಾಕಿದ ಬಾಗಿಲ ಚಿತ್ರದ್ದೂ ಇದೇ ಕತೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲಿ, ಕೇರಿಗಳಲ್ಲಿ ಸುಗ್ಗಿ ಕೈಕೊಟ್ಟ ವರ್ಷ ಓಣಿಗೆ ಓಣಿಯೇ ಖಾಲಿ. ಮಂದಿ ಕಬ್ಬು ಕಡಿಯಲಿಕ್ಕೆ ಸಾಂಗ್ಲಿ-ಕೊಲ್ಹಾಪುರದ ಕಡೆಗೆ, ಕಟ್ಟಡದ ಕೆಲಸಕ್ಕೆ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ. ತುಕ್ಕು ಹಿಡಿದ ಬೀಗ, ಗೋಡೆಗೆ ಒರಗಿಸಿದ ನೊಗ, ಮಧ್ಯಾಹ್ನದ ಮಬ್ಬು. 'ಕಾಲ ನಿಂತ ಹಳ್ಳಿ' ಅಂತ ಅಡಿಬರಹ ಹಾಕಿದ ಇಂಥ ಚಿತ್ರವೊಂದನ್ನು ನಾನು ನೋಡಿದ್ದೇನೆ. ಕಾಲ ನಿಂತಿಲ್ಲ ಮಾರಾಯರೆ, ಅದು ಮಂಗಳೂರಿನ ಹದಿನಾಲ್ಕನೇ ಮಾಳಿಗೆಯಲ್ಲಿ ಕಾಂಕ್ರೀಟು ಹೊರುತ್ತಿದೆ. ಹಾಗೆಯೇ, ಎರಡು ತಾಲೂಕುಗಳ ಬರಗಾಲದ ಚಿತ್ರವನ್ನೇ ಇನ್ನೂ ತೆಗೆಯುತ್ತಾ ಕೂರುವುದೂ ಸರಿಯಲ್ಲ. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಬಂದು ಕೆರೆಗಳು ತುಂಬುತ್ತಿವೆ. ಮಮದಾಪುರದ ಆದಿಲಶಾಹಿ ಕೆರೆಯ ದಂಡೆಯಲ್ಲಿ ಈಗ ಹಕ್ಕಿ ನೋಡುವವರು ಬರುತ್ತಾರೆ. ನೀರು ಬಂದ ಮೇಲೆ ಯಾರ ಹೊಲಕ್ಕೆ ಎಷ್ಟು ಬಂತು, ಭೂಮಿಯೇ ಇಲ್ಲದವನಿಗೆ ಏನು ಬಂತು ಅನ್ನೋದು ಮುಂದಿನ ಚಿತ್ರದ ವಿಷಯ.

ಶಹರದೊಳಗಿನ ಸಿದ್ಧೇಶ್ವರ ಗುಡಿ ಪ್ರದೇಶಕ್ಕೆ ಬರೋಣ. ಸಂಕ್ರಾಂತಿಯ ಜಾತ್ರೆಗೆ ಇಲ್ಲಿ ಕಾಲಿಡಲಿಕ್ಕೆ ಜಾಗವಿರೋದಿಲ್ಲ. ನಂದಿಕೋಲಿನ ಮೆರವಣಿಗೆ, ಮದ್ದು ಸುಡುವುದು, ಅತ್ತ ತೊರವಿಯಲ್ಲಿ ದನಗಳ ಜಾತ್ರೆ. ಗುಡಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಗಗನ ಮಹಲು, ಬಾರಾ ಕಮಾನು, ಅರೆಕಿಲ್ಲೆಯ ಕಂದಕ. ಜನರಿಲ್ಲದ ಚಿತ್ರ ಬೇಕಾದರೆ ನಸುಕಿನಲ್ಲಿ ಹೋಗಿ ಅಂತ ಎಲ್ಲ ಕೈಪಿಡಿಗಳೂ ಹೇಳುತ್ತವೆ. ಜನವರಿಯ ನಸುಕಿನ ಐದು ಗಂಟೆ, ತೆಳ್ಳಗೆ ಮಂಜು, ಬೀದಿ ದೀಪದ ಹಳದಿ. ಕೈಪಿಡಿಯ ಲೆಕ್ಕದಲ್ಲಿ ಆಗ ಯಾರೂ ಇರಬಾರದು. ಆದರೆ ಬೀದಿಯಲ್ಲಿ ಆ ಹೊತ್ತಿಗೆ ಇರೋದೇ ಪೌರಕಾರ್ಮಿಕರು. ಜಾತ್ರೆಯ ಮರುದಿನವಂತೂ ಹೂವು, ಬಾಳೆಸಿಪ್ಪೆ, ಕಬ್ಬಿನ ಸಿಪ್ಪೆ, ಪಟಾಕಿ ಕಾಗದ, ಪ್ಲಾಸ್ಟಿಕ್ಕು, ಮತ್ತು ಹೇಳಬಾರದ ಹೊಲಸು, ಎಲ್ಲವನ್ನೂ ಗುಡಿಸಿ, ಎತ್ತಿ, ಗಾಡಿಗೆ ತುಂಬುತ್ತಿರುತ್ತಾರೆ. ಮಾಸ್ಕು ಇಲ್ಲದ್ದಕ್ಕೆ ಸೆರಗನ್ನೇ ಮೂಗಿಗೆ ಕಟ್ಟಿಕೊಂಡ ಹೆಂಗಸರು.

ಅಲ್ಲಿ ಒಮ್ಮೆ ಮೂರ್ನಾಲ್ಕು ಜನ ಹವ್ಯಾಸಿಗಳು ಸ್ಟ್ಯಾಂಡ್ ಹೂಡಿ ಕಾಯುತ್ತಿದ್ದರು. "ಅಕಿ ಸರೀಲಿ ತಡೀರಿ, ಆಮ್ಯಾಲ ಹೊಡಿಯೋಣು" ಅಂತ ಒಬ್ಬ. ಆಕೆ ಸರಿದಳು, ಸರಿಯುವಾಗ ಆಕೆಯ ಹಿಂದೆ ಸ್ವಚ್ಛವಾದ ಬೀದಿ ಉಳಿಯಿತು. ಅವರು ತೆಗೆದದ್ದು ಆ ಬೀದಿಯನ್ನು. ಚಿತ್ರದ ನಿರ್ಜನತೆ, ಶುಭ್ರತೆ ಎರಡೂ ಆಕೆಯ ಕೈಯ ಕೆಲಸ. ಆಕೆ ಗುಡಿಸದಿದ್ದರೆ ಆ ಚಿತ್ರವೇ ಇಲ್ಲ, ಆಕೆ ನಿಂತರೂ ಆ ಚಿತ್ರವಿಲ್ಲ. ಅಸ್ಪೃಶ್ಯತೆ ಹೇಗೆ ಕೆಲಸ ಮಾಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಸಿಕ್ಕಿಲ್ಲ. 2022ರ ಜುಲೈನಲ್ಲಿ ಖಾಯಮಾತಿಗಾಗಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟಾಗ ನಾಲ್ಕೇ ದಿನಕ್ಕೆ ಊರುಗಳ ಚಿತ್ರ ಬದಲಾಗಿತ್ತು. ಆಗ ಯಾರೂ ನಸುಕಿನ ಬೀದಿಯ ಫೋಟೋ ತೆಗೆಯಲಿಕ್ಕೆ ಹೋಗಲಿಲ್ಲ.

ಮರಾಠಿಯ ಸುಧಾರಕ ಓಲ್ವೆ ಮುಂಬಯಿಯ ಸಫಾಯಿ ಕಾರ್ಮಿಕರ ಜೊತೆ ವರ್ಷಗಟ್ಟಲೆ ತಿರುಗಿ ತೆಗೆದ ಕಪ್ಪು-ಬಿಳುಪು ಚಿತ್ರಗಳು, ತಮಿಳಿನ ಪಳನಿಕುಮಾರ್ ಮಲಗುಂಡಿಯಲ್ಲಿ ಸತ್ತವರ ಮನೆಗಳಿಗೆ ಹೋಗಿ ತೆಗೆದ ಚಿತ್ರಗಳು ಈ ದೃಷ್ಟಿಯಿಂದ ದೊಡ್ಡ ಕೆಲಸ. ನಮ್ಮ ಓದುಗರು ಹುಡುಕಿ ನೋಡಬೇಕು. ಅವರು ಕಾದದ್ದು ಜನ ಸರಿಯಲಿ ಅಂತಲ್ಲ.

ಬಾವಿಯ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ತಾಜ್ ಬಾವಡಿಯ ಮಹಾದ್ವಾರ, ಹಸಿರು ನೀರು, ಮೋಡದ ಪ್ರತಿಬಿಂಬ, ಇದು ಅಂಚೆಕಾರ್ಡಿನಷ್ಟು ಪರಿಚಿತ. 1620ರಲ್ಲಿ ಕಟ್ಟಿದ್ದು. ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ಶಹರಕ್ಕೆ ನೀರು ತಂದ ಆದಿಲಶಾಹಿ ವ್ಯವಸ್ಥೆಯನ್ನು ಇತಿಹಾಸಕಾರರು ಕೊಂಡಾಡುತ್ತಾರೆ. ಅದರ ಗಾಳಿಬಾವಿಗಳು ಹೊಲದ ನಡುವೆ ಇನ್ನೂ ಬಾಯಿ ತೆರೆದು ನಿಂತಿವೆ. ಕಣ್ಣಿಗೆ ಬೀಳದ ಜಾಗ ಅಂದರೆ ಇವೇ. ಅಗೆದ ಕೈಗಳ ಹೆಸರು ಯಾವ ಶಾಸನದಲ್ಲೂ ಇಲ್ಲ ಅನ್ನೋದು ಒಂದು. ಇನ್ನೊಂದು, ಬಾವಿ ಅನ್ನೋದು ನಮಗೆ ಸುಮ್ಮನೆ ಒಂದು ಸುಂದರ ತಗ್ಗು ಅಲ್ಲ. 1927ರಲ್ಲಿ ಮಹಾಡದ ಕೆರೆ ಮುಟ್ಟಿದ್ದು ಚರಿತ್ರೆಯಾಯಿತು. ಏಳು ವರ್ಷದ ನಂತರ, 1934ರಲ್ಲಿ, ಅಂಬೇಡ್ಕರ್ ತಮ್ಮ ಸಂಗಡಿಗರೊಂದಿಗೆ ದೌಲತಾಬಾದ್ ಕೋಟೆ ನೋಡಲು ಹೋದರು. ಅವರೂ ಪ್ರವಾಸಿಗಳೇ, ನಮ್ಮ ಹಾಗೆ ಹಳೇ ಕಲ್ಲು ನೋಡಲಿಕ್ಕೆ ಬಂದವರು. ಧೂಳು ತೊಳೆದುಕೊಳ್ಳಲು ಬಾಗಿಲ ಬಳಿಯ ಹೊಂಡದ ನೀರು ಮುಟ್ಟಿದ್ದಕ್ಕೆ ಹೊಂಡ ಮೈಲಿಗೆಯಾಯಿತು ಅಂತ ಗಲಾಟೆಯಾಯಿತು. ಒಳಗೆ ಎಲ್ಲೂ ನೀರು ಮುಟ್ಟದ ಹಾಗೆ ಕಾವಲಿಗೆ ಒಬ್ಬ ಬಂದೂಕಿನವನನ್ನು ಜೊತೆ ಮಾಡಿ ಕಳಿಸಿದರು. ಗಲಾಟೆ ಮಾಡಿದವರು ಮುಸಲ್ಮಾನರು ಅನ್ನೋದನ್ನು ಅಂಬೇಡ್ಕರ್ ಮುಚ್ಚಿಡದೆ ಬರೆದಿದ್ದಾರೆ. ಆ ಹೊಂಡದ ಖಾಲಿ ಚಿತ್ರವನ್ನು ಈ ಪ್ರಸಂಗ ಗೊತ್ತಿದ್ದವನು ನೋಡುವ ರೀತಿ ಬೇರೆ, ಗೊತ್ತಿಲ್ಲದವನು ನೋಡುವ ರೀತಿ ಬೇರೆ. ಚಿತ್ರ ಎರಡಕ್ಕೂ ಒಂದೇ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವು ಗೆಳೆಯರು ಅಂತಾರೆ: ಹಾಗಾದರೆ ಪ್ರತಿ ಚಿತ್ರದಲ್ಲೂ ಒಬ್ಬ ಕೂಲಿಯವನನ್ನು ತಂದು ನಿಲ್ಲಿಸಬೇಕೇನು? ಇದಕ್ಕೆ ನನ್ನ ಉತ್ತರ ಖಂಡಿತವಾಗಿ ಬೇಡ ಅಂತ. ದಲಿತ ಬರೆದರೆ ಹಸಿವು, ಸಿಟ್ಟು ಮಾತ್ರ ಬರೀಬೇಕು ಎಂಬ ನಿರೀಕ್ಷೆ ಸಾಹಿತ್ಯದಲ್ಲಿ ಎಷ್ಟು ಕಿರಿಕಿರಿ ಮಾಡಿದೆಯೋ, ದಲಿತ ಕ್ಯಾಮೆರಾ ಹಿಡಿದರೆ ಪೊರಕೆಯನ್ನೇ ತೆಗೆಯಬೇಕು ಎಂಬ ನಿರೀಕ್ಷೆಯೂ ಅಷ್ಟೇ ಕೆಟ್ಟದ್ದು. ಮೋಡ ನೋಡುತ್ತಾ ಒಬ್ಬ ಮನುಷ್ಯ ಸುಮ್ಮನೆ ಕೂರಲಿಕ್ಕೂ ಒಂದು ಬಿಡುವು ಬೇಕು, ಯಾರೂ ಬಂದು 'ಇಲ್ಲೇನ ಮಾಡಾಕತ್ತಿ' ಅಂತ ಕೇಳದ ಒಂದು ಜಾಗ ಬೇಕು. ಅವೆರಡೂ ನಮಗೆ ಸಿಕ್ಕದ್ದು ಬಹಳ ತಡವಾಗಿ. ಎಷ್ಟೋ ಊರುಗಳಲ್ಲಿ ಇನ್ನೂ ಸಿಕ್ಕಿಲ್ಲ: ಕೇರಿಯ ಹುಡುಗ ಕ್ಯಾಮೆರಾ ಹಿಡಿದು ಗೌಡರ ಹೊಲದ ಬದುವಿನಲ್ಲಿ ನಿಂತರೆ ಅವನನ್ನು ಕಲಾವಿದ ಅಂತ ಯಾರೂ ತಿಳಿಯೋದಿಲ್ಲ. ನಿಸರ್ಗಕ್ಕೆ ನಮ್ಮದೂ ಹಕ್ಕಿದೆ. ದೇವನೂರರ 'ಕುಸುಮಬಾಲೆ'ಯ ಇರುಳನ್ನು ನೆನೆಯಿರಿ. ಅಲ್ಲಿ ದೀಪಗಳ ಜೋತಮ್ಮಂದಿರು ಕೂತು ಮಾತಾಡುತ್ತಾರೆ. ಮನುಷ್ಯರು ಮಲಗಿದ ಮೇಲೂ ಜಾಗ ಖಾಲಿಯಾಗಿಲ್ಲ. ಕೇರಿಯ ಕಣ್ಣಿಗೆ ಖಾಲಿ ಜಾಗ ಎಂಬುದೇ ಇಲ್ಲವೇನೋ ಅಂತ ನನಗೆ ಅನ್ನಿಸುತ್ತದೆ. ಜನರಿಲ್ಲದ ಚಿತ್ರವನ್ನು ನಾವೂ ತೆಗೆಯಬಹುದು. ಆದರೆ ಆ ಇಲ್ಲದಿರುವಿಕೆ ಎಲ್ಲಿಂದ ಬಂತು ಅಂತ ಚಿತ್ರಕ್ಕೆ ಗೊತ್ತಿರಬೇಕು.

ಫ್ರಾನ್ಸಿನ ಅಟ್ಜೆ ಎಂಬ ಛಾಯಾಗ್ರಾಹಕ ಸುಮಾರು 1898ರಿಂದ 1927ರವರೆಗೆ ಪ್ಯಾರಿಸ್ಸಿನ ಖಾಲಿ ಗಲ್ಲಿಗಳ ಸಾವಿರಾರು ಚಿತ್ರ ತೆಗೆದ. ಚಿಂದಿ ಆಯುವವರ ಗುಡಿಸಲುಗಳನ್ನೂ ತೆಗೆದ. ಅಪರಾಧ ನಡೆದ ಸ್ಥಳವನ್ನು ಪೊಲೀಸರು ತೆಗೆದ ಹಾಗೆ ಇವೆ ಎಂಬ ಮಾತನ್ನು ವಾಲ್ಟರ್ ಬೆಂಜಮಿನ್ 1931ರಲ್ಲಿ ಚರ್ಚಿಸಿ, ಇಂಥ ಚಿತ್ರಗಳಿಗೆ ಅಡಿಬರಹ ಅನಿವಾರ್ಯ ಎಂಬ ಅರ್ಥದ ಮಾತು ಹೇಳಿದ್ದಾನೆ. ನಮ್ಮ ನಾಡಿನಲ್ಲಿ ಇದು ರೂಪಕವಲ್ಲ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟರು. 2014ರಲ್ಲಿ ಹೈಕೋರ್ಟು ಆರೋಪಿಗಳ ಖುಲಾಸೆಯನ್ನು ಎತ್ತಿಹಿಡಿಯಿತು. ಅಂದರೆ ಕಾನೂನಿನ ಪ್ರಕಾರ ಏಳು ಜನ ಸತ್ತಿದ್ದಾರೆ, ಕೊಂದವರು ಯಾರೂ ಇಲ್ಲ. ಅಂಥ ಒಂದು ಸುಟ್ಟ ಮನೆಯ ಮೇಲೆ ಸಂಜೆಯ ಮೋಡ ಕವಿದಾಗ ತೆಗೆದ ಚಿತ್ರ, ಅಡಿಬರಹ ಇಲ್ಲದಿದ್ದರೆ, ಯಾವುದೇ ಪಾಳುಮನೆಯ ಚಿತ್ರದಷ್ಟೇ ಚೆಂದವಾಗಿರುತ್ತದೆ. ಅದೇ ಭಯ ಹುಟ್ಟಿಸುವ ಸಂಗತಿ.

ಅಡಿಬರಹವೂ ಮೋಸ ಮಾಡಬಲ್ಲದು. ತೊರವಿ ಕಡೆ ಹೋಗುವಾಗ ಸಿಗುವ ಸಾಠ್ ಕಬರ್ ನೋಡಿ. ಸಾಲು ಸಾಲು ಒಂದೇ ತರದ ಹೆಣ್ಣು ಗೋರಿಗಳು, ಸುತ್ತ ಜಾಲಿ. ಮೋಡದ ದಿನ ಅಲ್ಲಿ ಮೈ ಜುಮ್ಮೆನ್ನುತ್ತದೆ. 1659ರಲ್ಲಿ ಶಿವಾಜಿಯ ಮೇಲೆ ಹೊರಟ ಅಫಜಲಖಾನ ತನ್ನ ಹೆಂಡಂದಿರನ್ನೆಲ್ಲ ಕೊಂದು ಹೂಳಿಸಿದ ಎಂಬ ಕತೆಯನ್ನು ಪ್ರತಿ ಚಿತ್ರದ ಕೆಳಗೂ ಬರೆಯುತ್ತಾರೆ. ಆ ಅಡಿಬರಹದಲ್ಲಿ ಗಂಡಸರ ಹೆಸರು ಎರಡಿವೆ, ಹೆಣ್ಣುಮಕ್ಕಳದು ಒಂದೂ ಇಲ್ಲ.

ನಾನು ಕೆಲವು ವರ್ಷಗಳಿಂದ ಪಾಲಿಸುತ್ತಿರುವ ರೀತಿ ಇದು: ಚಿತ್ರದ ಹಿಂದೆ ಊರು, ತಾರೀಖು, ಹೊತ್ತು, ಹವೆ ಬರೀತೀನಿ. ಆಮೇಲೆ ನೆಲ ಯಾರದು, ಉಳುವವರು ಯಾರು, ಗುಡಿಸಿದವರು ಯಾರು ಅಂತ ಅಲ್ಲೇ ವಿಚಾರಿಸಿ ಬರೀತೀನಿ. ಬೇಡ ಅಂದವರ ಹೆಸರು ಬರೆಯೋದಿಲ್ಲ. ಚೌಕಟ್ಟಿನ ಹೊರಗೆ ಆ ಗಳಿಗೆಯಲ್ಲಿ ಯಾರಿದ್ದರು ಅನ್ನೋದಕ್ಕೂ ಒಂದು ಸಾಲು. ಸಾರವಾಡದ ಹತ್ತಿರ ಡೋಣಿಯ ಒಂದು ಚಿತ್ರದ ಹಿಂದೆ ಹೀಗಿದೆ: ಮುಂಜಾನೆ ಆರೂಕಾಲು, ದಟ್ಟ ಮೋಡ, ಸವಳು ನೀರು; ನನ್ನ ಬೆನ್ನ ಹಿಂದೆ ಬಟ್ಟೆ ಒಗೆಯುವ ಇಬ್ಬರು, ಅವರ ನಗು. ಹೀಗೆ ಬರೆಯುವ ಹೊತ್ತಿಗೆ ಎಷ್ಟೋ ಸಲ ಇನ್ನೊಂದು ಚಿತ್ರ ಸಿಕ್ಕಿದೆ, ಮೊದಲಿನದಕ್ಕಿಂತ ಒಳ್ಳೆಯದು.

ಕೊನೆಗೆ ಅಚ್ಚಿನ ವಿಷಯ. ನಮ್ಮ ಸಣ್ಣ ಪತ್ರಿಕೆಗಳ ಅಗ್ಗದ ಕಾಗದ ಶಾಯಿ ಹೀರುತ್ತದೆ, ಚುಕ್ಕಿಗಳು ಹಿಗ್ಗುತ್ತವೆ, ನೆರಳಿನ ವಿವರವೆಲ್ಲ ತುಂಬಿಹೋಗಿ ಕರಿ ಮುಖ ಇನ್ನೂ ಕರಿಯ ಮುದ್ದೆಯಾಗುತ್ತದೆ. ಚಿತ್ರ ತೆಗೆಯುವಾಗ ಪಟ್ಟ ಕಷ್ಟವೆಲ್ಲ ಪ್ರೆಸ್ಸಿನಲ್ಲಿ ನೀರುಪಾಲು. ಆದ್ದರಿಂದ ಅಚ್ಚಿಗೆ ಕೊಡುವ ಮುಂಚೆ ಮುಖದ ಭಾಗವನ್ನು ಪರದೆಯ ಮೇಲೆ ಸರಿ ಕಾಣುವುದಕ್ಕಿಂತ ಒಂದು ಕೈ ಹೆಚ್ಚೇ ತಿಳಿ ಮಾಡಿ ಕೊಡಬೇಕು, ಒಂದು ಹಾಳೆ ತೆಗೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಪ್ರೆಸ್ಸಿನವರು 'ಸಾಕು ಬಿಡ್ರಿ, ಮೋಡದ ಫೋಟೋ ಅಲ್ಲೇನ, ಕತ್ತಲಾಗೇ ಇರಬೇಕು' ಅಂತಾರೆ. ಕೇಳಬೇಡಿ, ಇನ್ನೊಂದು ಹಾಳೆ ತೆಗೆಸಿ.